ಮೆಜೆಸ್ಟಿಕ್ ಸುತ್ತಿ ಬಿಡದಿಗೆ

ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಬಸ್ಸನ್ನು ಕಂಡವರಲ್ಲ. ಮೆಟ್ರೊ ರೈಲಂತೂ ಅವರ ಕನಸಿನಲ್ಲಿಯೂ ಸುಳಿದಿರಲಾರದು. ಆದರೂ ಬೆಂಗಳೂರಿನ ಹೊರವಲಯದ ಒಂದು ಊರಿನಿಂದ ಮಗ್ಗುಲಿನ ಇನ್ನೊಂದು ಊರಿಗೆ ಹೊರಟವರ ಪಾಡನ್ನು ಅವರಷ್ಟು ಚೊಕ್ಕವಾಗಿ ಹೇಳಿದವರು ಬೇರೆ ಯಾರೂ ಇಲ್ಲ.

ಮರಳವಾಡಿಯ ಮಾತನ್ನೇ ತೆಗೆದುಕೊಳ್ಳಬಹುದು. ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರದ ಹೆದ್ದಾರಿಯಿಂದ ತುಸು ಪೂರ್ವಕ್ಕೆ ಸರಿದು ನಿಂತ ಹೋಬಳಿ ಅದು. ಒಂದು ಕಡೆ ಹಿಪ್ಪುನೇರಳೆಯ ತೋಟ, ಒಂದು ಕಡೆ ರಾಗಿಯ ಹೊಲ, ಅವುಗಳಾಚೆಗೆ ಬನ್ನೇರುಘಟ್ಟದ ಆನೆಗಳ ಕಾಡು. ಈ ಹೋಬಳಿಯ ಜನರು ಮನೆಯ ಹೊಸಿಲು ದಾಟದೆಯೇ ಹಲವು ವಿಳಾಸಗಳನ್ನು ಕಂಡಿದ್ದಾರೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯವರಾಗಿದ್ದವರು 2007ರಲ್ಲಿ ರಾಮನಗರ ಜಿಲ್ಲೆಯವರಾದರು. ಬಹುಕಾಲ ಕನಕಪುರ ತಾಲ್ಲೂಕಿನವರಾಗಿದ್ದು, ಈಚೆಗೆ ಹೊಸ ಹಾರೋಹಳ್ಳಿ ತಾಲ್ಲೂಕಿಗೆ ಸೇರಿದರು. 2025ರಲ್ಲಿ ರಾಜ್ಯದ ಸಚಿವ ಸಂಪುಟವು ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ನಿರ್ಧರಿಸಿತು. ಹೀಗೆ ಬೆಂಗಳೂರೆಂಬ ಹೆಸರು ಮರಳವಾಡಿಯ ಬಾಗಿಲಿಗೆ ಮತ್ತೆ ಬಂದಿತು. ಆದರೆ ಹೆಸರು ಬಂದಷ್ಟು ಬೇಗ ಬಸ್ಸು ಬರುವುದಿಲ್ಲ.

ಆ ಹೋಬಳಿಯಲ್ಲಿ ರೇಷ್ಮೆಹುಳು ಸಾಕುವ ಒಂದು ಮನೆಯ ತಾಯಿಯನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ಆಕೆಗೆ ಹೆಸರು ಬೇಕಿಲ್ಲ. ಅಂಥ ತಾಯಂದಿರು ಆ ಸೀಮೆಯಲ್ಲಿ ಎಷ್ಟೋ ಮಂದಿ. ಹಿರಿಯ ಮಗಳನ್ನು ಬಿಡದಿಯ ಕಡೆಗೆ ಕೊಟ್ಟಿದೆ. ಮಗಳು ಹೆತ್ತು, ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೋಗಿ ಎರಡು ತಿಂಗಳಾಯಿತು. ಮೊಮ್ಮಗುವಿಗೆ ಕೆಮ್ಮೆಂದು ಸುದ್ದಿ ಬಂದಿದೆ. ಹೋಗಬೇಕು, ಆದರೆ ಹುಳುಮನೆ ಬಿಡುವು ಕೊಡಬೇಕಲ್ಲ!

ಹುಳುವಿನ ಮನೆಗೆ ಭಾನುವಾರವಿಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ ಸೊಪ್ಪು ಹಾಕಲೇಬೇಕು. ಹುಳು ಪೊರೆ ಬಿಡುವ ಕಾಲಕ್ಕೆ ಮಾತ್ರ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಸುಮ್ಮನಿರುತ್ತದೆ. ಅದನ್ನು ರೈತರು ‘ಜ್ವರಕ್ಕೆ ಕೂತಿತು’ ಎನ್ನುತ್ತಾರೆ. ಹುಳುವಿನ ಬಾಳಿನಲ್ಲಿ ಅಂಥ ಜ್ವರಗಳು ನಾಲ್ಕು. ಕೊನೆಯ ಜ್ವರ ಒಂದು ಹಗಲಿಗಿಂತ ತುಸು ಹೆಚ್ಚು. ಅದರಿಂದ ಎದ್ದ ಹುಳುವಿನ ಹಸಿವೆಯೋ ಹಸಿವೆ! ಅದು ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಮುಂದಿನ ಒಂದು ವಾರದಲ್ಲಿಯೇ ತಿಂದು ಮುಗಿಸುತ್ತದೆ. ಅದು ಹಣ್ಣಾಗಿ, ಚಂದ್ರಿಕೆಗೆ ಏರಿ, ಗೂಡು ಕಟ್ಟುವವರೆಗೆ ಮನೆಯವರಿಗೆ ಕಣ್ಣು ಮುಚ್ಚಲು ಹೊತ್ತಿಲ್ಲ. ಹೀಗಾಗಿ ನಾಲ್ಕನೆಯ ಜ್ವರದ ಆ ಒಂದು ಹಗಲೇ ತಾಯಿಗೆ ಸಿಕ್ಕ ರಜೆ. ಅದರೊಳಗೆ ಹೋಗಿ, ಮಗುವನ್ನು ನೋಡಿ, ಹಿಂದಿರುಗಬೇಕು.

ಬೆಳಗಿನ ಏಳು ಗಂಟೆಗೆ ಆಕೆ ಮರಳವಾಡಿಯಲ್ಲಿ ಬಸ್ಸು ಹತ್ತಿ ಹಾರೋಹಳ್ಳಿಯಲ್ಲಿ ಇಳಿದಳು. ಹಾರೋಹಳ್ಳಿಗೂ ಬಿಡದಿಗೂ ನಡುವೆ ಸುಮಾರು 20 ಕಿಲೋಮೀಟರು. ಹಳೆಯ ಲೆಕ್ಕದಲ್ಲಿ 12 ಮೈಲಿ ಚಿಲ್ಲರೆ. ಎತ್ತಿನ ಗಾಡಿಯ ಕಾಲದಲ್ಲಿಯೂ ಅದನ್ನು ದೂರವೆಂದು ಯಾರೂ ಕರೆಯುತ್ತಿರಲಿಲ್ಲ.

“ಬಿಡದಿ ಬಸ್ಸು ಯಾವಾಗಣ್ಣ?” ಎಂದು ಆಕೆ ಚಹದ ಅಂಗಡಿಯವನನ್ನು ಕೇಳಿದಳು.

“ಈಗ ತಾನೆ ಹೋಯ್ತು ಕಣವ್ವ. ಇನ್ನೊಂದು ಯಾವಾಗ ಬತ್ತದೋ! ಬೆಂಗ್ಳೂರು ಬಸ್ಸು ಹತ್ತಿ ಮೆಟ್ರೊ ಹಿಡಿ, ಅದೇ ಬೇಗ.”

“ಬಿಡದಿಗೋಗಾಕೆ ಬೆಂಗ್ಳೂರಿಗ್ಯಾಕಣ್ಣ ಹೋಗ್ಬೇಕು?”

ಅಂಗಡಿಯವನು ಉತ್ತರ ಹೇಳಲಿಲ್ಲ. ಅದಕ್ಕೆ ಉತ್ತರ ಹೇಳಬೇಕಾದವನು ಅವನೂ ಅಲ್ಲ.

ಆಕೆ ಬೆಂಗಳೂರಿನ ಬಸ್ಸು ಹತ್ತಿ ತಲಘಟ್ಟಪುರದ ಬಳಿ ಇಳಿದಳು. ಅಲ್ಲಿನ ಮೆಟ್ರೊ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆಯ ಹೆಸರು. ಹತ್ತಿರದಲ್ಲಿರುವ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂದ ಹೆಸರದು. ರೇಷ್ಮೆಯ ಹೆಣ್ಣುಮಗಳಿಗೆ ರೇಷ್ಮೆಯ ನಿಲ್ದಾಣ, ಯೋಗವೆಂದರೆ ಯೋಗವೇ. 2021ರ ಜನವರಿಯಲ್ಲಿ ತೆರೆದ ಈ ನಿಲ್ದಾಣದಿಂದ ಹಸಿರು ಮಾರ್ಗದ ರೈಲು ಆಕೆಯನ್ನು ಉತ್ತರಕ್ಕೆ, ನೇರವಾಗಿ ಮೆಜೆಸ್ಟಿಕ್ಕಿಗೆ ಒಯ್ದಿತು. ಅಲ್ಲಿ ಮೆಟ್ಟಿಲು ಹತ್ತಿ, ಇಳಿದು, ನೇರಳೆ ಮಾರ್ಗದ ರೈಲನ್ನು ಹಿಡಿದರೆ ಅದು ಮತ್ತೆ ನೈಋತ್ಯಕ್ಕೆ ತಿರುಗಿ, 2023ರ ಅಕ್ಟೋಬರಿನಲ್ಲಿ ತೆರೆದ ಚಲ್ಲಘಟ್ಟದ ಕೊನೆಯ ನಿಲ್ದಾಣಕ್ಕೆ ತಂದು ಬಿಟ್ಟಿತು. ನಕ್ಷೆಯ ಮೇಲೆ ದಾರ ಹಿಡಿದು ಅಳೆದರೆ ರೇಷ್ಮೆ ಸಂಸ್ಥೆಯಿಂದ ಚಲ್ಲಘಟ್ಟಕ್ಕೆ 10 ಕಿಲೋಮೀಟರು ಕೂಡ ಇಲ್ಲ; ರೈಲಿನಲ್ಲಿ ಸುತ್ತಿದ್ದು 30ಕ್ಕೂ ಮಿಕ್ಕಿ. ಅಲ್ಲಿಂದ ಇನ್ನೊಂದು ಬಸ್ಸು. ಒಟ್ಟಿನಲ್ಲಿ ಹಾರೋಹಳ್ಳಿಯಿಂದ 20 ಕಿಲೋಮೀಟರಿನ ದಾರಿ 60ನ್ನೂ ದಾಟಿ ಬೆಳೆದಿತ್ತು.

ಮಗಳ ಮನೆ ಸೇರುವಾಗ ಹೊತ್ತು ನೆತ್ತಿಗೆ ಬಂದಿತ್ತು. “ಇಷ್ಟೊತ್ತಾಯ್ತಲ್ಲವ್ವ!” ಎಂದು ಮಗಳು ಬಾಗಿಲಲ್ಲೇ ಕಣ್ಣು ತುಂಬಿಕೊಂಡಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತದ್ದು ಒಂದು ಗಂಟೆ. ಹಿಂದಿರುಗುವ ಚಿಂತೆ ಆಗಲೇ ತಲೆಗೆ ಹತ್ತಿತ್ತು.

ಈ ಸುತ್ತಾಟಕ್ಕೆ ಯಾರನ್ನು ದೂರಬೇಕು? ದೂರುವುದಾದರೆ ಬಹಳ ಹಿಂದಕ್ಕೆ ಹೋಗಬೇಕಾದೀತು. 1537ರಲ್ಲಿ ಕೆಂಪೇಗೌಡರು ಬೆಂಗಳೂರನ್ನು ಕಟ್ಟುವಾಗ ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ಜೊತೆ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೂಡಿ ನೇಗಿಲ ಗೆರೆ ಎಳೆಸಿದರೆಂದು ಐತಿಹ್ಯ. ಆ ಗೆರೆಗಳೇ ಊರಿನ ಬೀದಿಗಳಾದವು. ಊರು ಎಷ್ಟು ಹಬ್ಬಿದರೂ ನಡುವಿನಿಂದ ಹೊರಕ್ಕೆ, ಹೊರಗಿನಿಂದ ನಡುವಿಗೆ ಎಂಬ ನಡೆ ಬದಲಾಗಲಿಲ್ಲ. ಮೈಸೂರು ರಸ್ತೆ, ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ, ಹೊಸೂರು ರಸ್ತೆ, ಎಲ್ಲವೂ ಗಾಡಿಯ ಚಕ್ರದ ಅರೆಕಾಲುಗಳಂತೆ ಗುಂಬದಿಂದ ಹೊರಟವೇ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 20 ಬಸ್ಸುಗಳಿಂದ ನಗರ ಸಾರಿಗೆಯನ್ನು ತೊಡಗಿತು. 1956ರಲ್ಲಿ ಅದು ಸರ್ಕಾರದ ಕೈಗೆ ಬಂದಿತು. ಮುಂದೆ ಬತ್ತಿದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ರೈಲು ನಿಲ್ದಾಣದ ಎದುರಿನಲ್ಲಿ, ಊರಿನ ಮಹಾ ಬಸ್ ನಿಲ್ದಾಣ ಎದ್ದಿತು. ಕೆರೆಗೆ ನಾಲ್ಕೂ ಕಡೆಯಿಂದ ನೀರು ಹರಿದು ಬಂದಂತೆ ಅಲ್ಲಿಗೆ ಜನ ಹರಿದು ಬಂದರು. ಆ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಕಚೇರಿ, ಕಾಲೇಜು, ಆಸ್ಪತ್ರೆ, ಸಿನಿಮಾ, ಸಂತೆ ಎಲ್ಲವೂ ಊರಿನ ನಡುವೆ ಇದ್ದಾಗ ಎಲ್ಲರಿಗೂ ಬೇಕಾದದ್ದು ನಡುವಿಗೆ ಹೋಗುವ ಬಸ್ಸೇ ಅಲ್ಲವೆ?

ಈಗ ಕೆಲಸವೇ ಅಂಚಿಗೆ ಹೋಗಿದೆ. ಬಿಡದಿ, ಹಾರೋಹಳ್ಳಿ, ಜಿಗಣಿ, ಬೊಮ್ಮಸಂದ್ರ, ಈ ನಾಲ್ಕು ಕಡೆಯೂ ಕೈಗಾರಿಕಾ ಪ್ರದೇಶಗಳಿವೆ. ಬಡಾವಣೆಗಳೂ ಅಂಚಿಗೆ ಹೋದವು, ಕಾಲೇಜುಗಳೂ ಹೋದವು. ಅರೆಕಾಲುಗಳ ತುದಿಯಲ್ಲಿ ಜನ ನೆಲೆಸಿದರು. ತುದಿಯಿಂದ ತುದಿಗೆ ಹಾಯುವ ಪಟ್ಟಿ ಮಾತ್ರ ಚಕ್ರಕ್ಕೆ ಕೂಡಲಿಲ್ಲ. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಬಂದಿತು, ಸಂತೋಷ. ಆದರೆ ಬೊಮ್ಮಸಂದ್ರದಿಂದ ತಲಘಟ್ಟಪುರಕ್ಕೆ ಹೊರಟವನು ಒಳಗೆ ರಾಷ್ಟ್ರೀಯ ವಿದ್ಯಾಲಯ ರಸ್ತೆಯವರೆಗೆ ಬಂದು, ರೈಲು ಬದಲಿಸಿ, ಮತ್ತೆ ಹೊರಕ್ಕೆ ಹೋಗಬೇಕು. ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಕೊಂಡ ನಿವೃತ್ತ ಗುಮಾಸ್ತರಿಗೂ ಮರಳವಾಡಿಯ ತಾಯಿಗೂ ಈ ಮಾತಿನಲ್ಲಿ ಭೇದವಿಲ್ಲ. ಕೆಂಗೇರಿಯಲ್ಲಿ ಅಪ್ಪ, ಜಿಗಣಿಯಲ್ಲಿ ಮಗ ಇದ್ದರೆ ಅವರಿಬ್ಬರ ನಡುವೆ ಇಡೀ ಬೆಂಗಳೂರು ಅಡ್ಡ ಕೂತಿರುತ್ತದೆ.

ಅಡ್ಡ ದಾರಿಗೆ ಜನ ಬರುವುದಿಲ್ಲ, ಬಸ್ಸು ಖಾಲಿ ಓಡೀತು ಎನ್ನುವವರುಂಟು. ಹೊರ ವರ್ತುಲ ರಸ್ತೆಯ ಮೇಲೆ ಓಡುವ 500ರ ಸರಣಿಯ ಬಸ್ಸುಗಳನ್ನು ಅವರು ಒಂದು ದಿನ ಬೆಳಿಗ್ಗೆ ಹತ್ತಿ ನೋಡಲಿ, ಹತ್ತಲು ಸಾಧ್ಯವಾದರೆ! ಅದೇ ವರ್ತುಲ ರಸ್ತೆಯ ಪೂರ್ವದಲ್ಲಿ ರೇಷ್ಮೆ ಮಂಡಳಿಯಿಂದ ಕೃಷ್ಣರಾಜಪುರದವರೆಗೆ ಮೆಟ್ರೊ ಹಾಕಲು 2021ರಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ಪಶ್ಚಿಮದಲ್ಲಿ ಜೆ.ಪಿ. ನಗರದಿಂದ ಕೆಂಪಾಪುರದವರೆಗೆ 32 ಕಿಲೋಮೀಟರಿನ ಮಾರ್ಗಕ್ಕೆ 2024ರಲ್ಲಿ ಒಪ್ಪಿಗೆಯಾಯಿತು. ದೊಡ್ಡವರಿಗೂ ಅಡ್ಡ ದಾರಿಯ ಅಗತ್ಯ ಹೊಳೆದಿದೆ ಎಂಬುದಕ್ಕೆ ಇವು ಸಾಕ್ಷಿ. ಆದರೆ ಈ ಎರಡೂ ನಗರದ ಒಳಗಿನ ಬಳೆಗಳು. ಇನ್ನೂ ಹೊರಗೆ ಮಾಗಡಿ, ರಾಮನಗರ, ಕನಕಪುರ, ಆನೇಕಲ್ಲುಗಳನ್ನು ಪೋಣಿಸುವಂತೆ ಉಪನಗರ ವರ್ತುಲ ರಸ್ತೆಯ ಯೋಜನೆಯುಂಟು. ಅದು ಲಾರಿಗೆ ಬಹಳ ಅನುಕೂಲ. ದಾರಿಯಲ್ಲಿ ಕೈಯೊಡ್ಡಿ ನಿಂತ ಹೆಣ್ಣುಮಗಳಿಗೆ ಬೇಕಾದದ್ದು ರಸ್ತೆಯಲ್ಲ, ಬಸ್ಸು.

ರೈಲಿನ ಮಾತಂತೂ ಹೇಳದಿರುವುದೇ ಲೇಸು. ಬಿಡದಿ, ರಾಮನಗರ, ಚನ್ನಪಟ್ಟಣಗಳು 1880ರ ದಶಕದಿಂದಲೂ ಮೈಸೂರಿನ ರೈಲು ದಾರಿಯ ಮೇಲಿವೆ. ಕನಕಪುರದ ಜನರು ಹೆಜ್ಜಾಲದಿಂದ ಚಾಮರಾಜನಗರಕ್ಕೆ ಹಾಯುವ ತಮ್ಮ ರೈಲಿನ ಹೆಸರನ್ನು 1996-97ರ ಮುಂಗಡಪತ್ರದ ಕಾಲದಿಂದ ಕೇಳುತ್ತಲೇ ಇದ್ದಾರೆ. ಆ ವರ್ಷ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಿತು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ದುಡ್ಡಿಗಾಗಿ ಗಂಡನ ಮುಂದೆ, ಮಗನ ಮುಂದೆ ಕೈಚಾಚದೆ ಮನೆಯಿಂದ ಹೊರಡುವ ಧೈರ್ಯವನ್ನು ಅದು ಎಷ್ಟೋ ಮಂದಿಗೆ ಕೊಟ್ಟಿತು. ಆದರೆ ಟಿಕೆಟ್ಟಿನ ಬೆಲೆ ಸೊನ್ನೆಯಾದರೂ ಹೊತ್ತಿನ ಬೆಲೆ ಸೊನ್ನೆಯಾಗುವುದಿಲ್ಲ. ಆ ಬೆಲೆಯನ್ನು ಹೆಂಗಸರೇ ಹೆಚ್ಚಾಗಿ ತೆರುತ್ತಾರೆ. ಮನೆಯಲ್ಲಿ ಒಂದು ಮೋಟಾರು ಸೈಕಲ್ಲು ಇದ್ದರೆ ಅದು ಗಂಡಸಿನದು. ಬಸ್ಸಿನ ದಾರಿ ಕಾಯುವುದು ಹೆಂಗಸಿನ ಪಾಲು. ಅಂಚಿನ ಊರುಗಳಲ್ಲಿ ಹೆಣ್ಣುಮಗಳಿಗೆ ಕೆಲಸ ಸಿಕ್ಕಿತೆಂದರೆ ತಂದೆತಾಯಿ ಕೇಳುವ ಮೊದಲ ಪ್ರಶ್ನೆ ಸಂಬಳವಲ್ಲ, “ಕೊನೇ ಬಸ್ಸು ಎಷ್ಟೊತ್ತಿಗೆ?” ಎಂಬುದು. ಆ ಉತ್ತರ ಸರಿಯಿಲ್ಲದಿದ್ದರೆ ಸಂಬಳ ಎಷ್ಟಿದ್ದರೂ ಆ ಕೆಲಸ ಆ ಮನೆಗೆ ದೂರವೇ.

ಇದಕ್ಕೆ ಕೋಟಿಗಟ್ಟಲೆ ರೂಪಾಯಿಯೇ ಬೇಕೆಂದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1982ರಲ್ಲಿ ಇಡೀ ದೇಶದ ರೈಲುಗಳನ್ನು ಗಡಿಯಾರದ ಮುಳ್ಳಿಗೆ ಕಟ್ಟಿದರು. ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ರೈಲು ಬರಬೇಕು, ಅದರಿಂದ ಇಳಿದವರಿಗಾಗಿ ಹಳ್ಳಿಯ ಬಸ್ಸು ಹೊರಗೆ ಕಾದಿರಬೇಕು ಎಂಬುದು ಅದರ ಸೂತ್ರ. ಆ ಗುಡ್ಡಗಾಡು ದೇಶದಲ್ಲಿ ನೇರ ಬಸ್ಸು ಇಲ್ಲದ ಊರಿನವರೂ ನಿಶ್ಚಿಂತೆಯಿಂದ ಹೊರಡುವುದು ಇದರಿಂದಲೇ. ಹಾರೋಹಳ್ಳಿಯಂಥ ಕೂಡುದಾರಿಯಲ್ಲಿ ಮರಳವಾಡಿಯಿಂದ ಬಂದ ಬಸ್ಸಿಗಾಗಿ ಬಿಡದಿಯ ಬಸ್ಸು ಐದು ನಿಮಿಷ ನಿಂತರೆ, ಎರಡಕ್ಕೂ ಹೊರಡುವ ಹೊತ್ತು ಇಷ್ಟೆಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರೆ, ಆ ತಾಯಿಗೆ ಅರ್ಧ ದಿನ ಉಳಿಯುತ್ತದೆ. ಬಸ್ಸು ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಇರುವ ಬಸ್ಸುಗಳು ಒಂದರ ಮುಖವನ್ನೊಂದು ನೋಡಿದರೂ ಸಾಕಷ್ಟಾಯಿತು.

ಇದು ನಮ್ಮ ಸೀಮೆಗೆ ಹೊಸ ವಿದ್ಯೆಯೇನೂ ಅಲ್ಲ. ಆ ತಾಯಿ ಹಿಂದಿರುಗುವಾಗ ಮೆಟ್ರೊ ಕಡೆಗೆ ತಿರುಗಲಿಲ್ಲ. ಬಿಡದಿಯಿಂದ ರಾಮನಗರ, ರಾಮನಗರದಿಂದ ಕನಕಪುರ, ಅಲ್ಲಿಂದ ಊರು, ಹೀಗೆ ಕೆಳಗಿನಿಂದ ಬಳಸಿ ಬಂದಳು. ಗಂಡ ಗೂಡಿನ ಚೀಲ ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದ ದಾರಿ ಅದು. ಆಕೆಗೆ ಅಂಗೈಯಷ್ಟು ಪರಿಚಿತ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ಆ ಗೂಡಿನ ಮಾರುಕಟ್ಟೆಗೆ ಸುತ್ತಲಿನ ಊರುಗಳಿಂದ ದಾರಿಗಳು ಕೂಡಿಕೊಂಡಿವೆ, ಏಕೆಂದರೆ ಗೂಡು ಕಾಯುವುದಿಲ್ಲ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ಕೆಡುತ್ತದೆ. ಗೂಡಿನ ಅವಸರವನ್ನು ತಿಳಿದ ಊರಿಗೆ ಮನುಷ್ಯರ ಅವಸರ ತಿಳಿಯದೆ ಹೋದೀತೆ?

ಆಕೆ ಮನೆ ಸೇರುವಾಗ ದೀಪ ಹೊತ್ತಿಸಿ ಬಹಳ ಹೊತ್ತಾಗಿತ್ತು. ಹುಳು ಜ್ವರದಿಂದ ಏಳತೊಡಗಿತ್ತು. ಕಿರಿಯ ಮಗಳು ತೋಟದಿಂದ ಸೊಪ್ಪು ತಂದು ಒದ್ದೆ ಗೋಣಿ ಮುಚ್ಚಿಟ್ಟಿದ್ದಳು. ಸೆರಗು ಸಿಕ್ಕಿಸಿಕೊಂಡು ತಾಯಿ ತಟ್ಟೆಗಳ ಮುಂದೆ ನಿಂತಳು.

“ಮಗ ಹೆಂಗೈತವ್ವ?” ಎಂದು ಹುಡುಗಿ ಕೇಳಿದಳು.

“ಚೆನ್ನಾಗೈತೆ. ಕೆಮ್ಮು ಇಳಿದೈತೆ. ನಿದ್ದೇಲಿ ನಕ್ಕತು ಕಣವ್ವ,” ಎಂದಳು ತಾಯಿ. ಸೊಪ್ಪು ಹರಡುತ್ತ, ಸ್ವಲ್ಪ ತಡೆದು, “ಎದ್ದ ಮೇಲೆ ನೋಡಾನ ಅಂದ್ರೆ ಬಸ್ಸಿಗೆ ಹೊತ್ತಾಗೋಯ್ತು,” ಎಂದಳು.