ಸರ್ಕಾರದ ಬಾಗಿಲಿಗೆ ಒಂದೇ ಕಂಪನಿಯ ಕೀಲಿ ಯಾಕೆ?



ಪೋಸ್ಟ್ ಸ್ವಲ್ಪ ಉದ್ದ ಆಯ್ತು. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ. ಯಾಕಂದ್ರೆ ಈ ಕತೆಯಲ್ಲಿ ಮೊದಲ ತಪ್ಪು ನನ್ನದೇ.

ಕೆಲವು ತಿಂಗಳ ಹಿಂದೆ ಮಾಕಳಿಯಲ್ಲಿ ನಮ್ಮ ಭಾನುವಾರದ ಸಭೆಗೆ ಬರೋ ಹುಡುಗ್ರ ಫೋನಿಗೆಲ್ಲ ನಾನೇ ಕೂತು ಫೈರ್‌ಫಾಕ್ಸ್ ಬ್ರೌಸರ್ ಹಾಕ್ಕೊಟ್ಟಿದ್ದೆ. "ಇನ್ಮೇಲೆ ಇದರಲ್ಲೇ ನೋಡ್ರಪ್ಪ" ಅಂತ ಭಾಷಣಾನೂ ಮಾಡಿದ್ದೆ. ಒಂದು ರಾತ್ರಿ ಒಂಬತ್ತು ಗಂಟೆಗೆ ಅವರಲ್ಲೊಬ್ಬ ಫೋನ್ ಮಾಡಿದ. "ಅಣ್ಣ, ಸ್ಕಾಲರ್‌ಶಿಪ್ ಅರ್ಜಿ. ಆರ್‌ಡಿ ನಂಬರ್ ಹಾಕ್ದೆ. ಮುಂದಕ್ಕೆ ಹೋಗೋ ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ. ನಾಳೆ ಲಾಸ್ಟ್ ಡೇಟು."

ಗಾಡಿ ತಗೊಂಡು ಅವರ ಮನೆಗೆ ಹೋದೆ. ಅದೇ ಫೋನಲ್ಲಿ, ಅದೇ ನೆಟ್‌ನಲ್ಲಿ ಕ್ರೋಮ್ ತೆಗೆದು ಹಾಕಿದೆ. ಬಟನ್ ಕೆಲಸ ಮಾಡ್ತು, ಅರ್ಜಿ ಹೋಯ್ತು. ಅವನ ತಾಯಿ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗೋರು. ಬೆಳಗ್ಗೆ ಬೇಗ ಏಳೋ ಹೆಣ್ಮಗಳು, ನಿದ್ದೆಗೆಟ್ಟು ಬಾಗಿಲಲ್ಲೇ ಕೂತಿದ್ರು. ಒಂದೇ ಮಾತು ಹೇಳಿದ್ರು: "ಅಣ್ಣ, ನಿಮ್ ಹೋರಾಟಾನ ನನ್ ಮಗನ ಅರ್ಜಿ ಮೇಲೆ ಮಾಡ್ಬೇಡಿ."

ಆ ಮಾತಿಗೆ ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತು ಬರೀತಾ ಇದ್ದೀನಿ.

ಆ ಅಕ್ಕ ಹೇಳಿದ್ದು ಸರಿ. ಕೊನೇ ದಿನದ ಅರ್ಜಿಯಲ್ಲಿ ಪ್ರಯೋಗ ಮಾಡಬಾರದು. ಆದ್ರೆ ಅಲ್ಲಿಗೆ ಮಾತು ಮುಗಿಯಲ್ಲ. ನಮ್ಮ ಮಕ್ಕಳ ಹಕ್ಕಿನ ದುಡ್ಡು ಕೇಳೋಕೆ ಒಂದು ಅಮೆರಿಕನ್ ಕಂಪನಿಯ ಬ್ರೌಸರ್ ಇರಲೇಬೇಕು ಅಂತ ಯಾವ ಕಾನೂನು ಹೇಳುತ್ತೆ? ಯಾವ ಕಾನೂನೂ ಹೇಳಲ್ಲ. ಕೇಂದ್ರ ಸರ್ಕಾರ 2009ರಲ್ಲೇ ಸರ್ಕಾರಿ ವೆಬ್‌ಸೈಟ್‌ಗಳಿಗೆ ಮಾರ್ಗಸೂಚಿ ತಂದಿದೆ, 2018ರಲ್ಲಿ, 2023ರಲ್ಲಿ ಪರಿಷ್ಕರಿಸಿದೆ. ಸೈಟು ಬೇರೆ ಬೇರೆ ಬ್ರೌಸರ್‌ಗಳಲ್ಲಿ ಕೆಲಸ ಮಾಡಬೇಕು ಅನ್ನೋ ಮಾತು ಅದರಲ್ಲಿದೆ. ಕಾಗದದ ಮೇಲೆ ಬಾಗಿಲು ಎಲ್ಲರಿಗೂ ತೆರೆದಿದೆ. ಕೈ ಹಾಕಿದ್ರೆ ತೆಗೆಯಲ್ಲ.

ಇದು ನಮಗೆ ಗೊತ್ತಿರೋ ಕತೆನೇ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಅಂತ ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಅದನ್ನ ಒಪ್ಪಿತ್ತು. ಆದ್ರೂ 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಚವದಾರ್ ಕೆರೆಯ ನೀರು ಮುಟ್ಟಬೇಕಾಯ್ತು. ಆ ಅವಮಾನಕ್ಕೂ ಒಂದು ಬಟನ್‌ಗೂ ಸಮ ಅಂತ ನಾನು ಹೇಳ್ತಿಲ್ಲ. ಆದ್ರೆ ನಿರ್ಣಯ ಬೇರೆ, ನೀರು ಬೇರೆ ಅನ್ನೋ ಪಾಠ ಅಲ್ಲಿಂದಲೇ ಕಲಿತಿದ್ದು.

ಆಫೀಸಲ್ಲಿ ಕ್ಲರ್ಕ್ ಕೆಲಸ ಮಾಡೋ ನನಗೆ ಈ ಸಿನಿಮಾ ಎರಡನೇ ಸಲ. ಇಪ್ಪತ್ತು ವರ್ಷದ ಹಿಂದೆ ಇಂಟರ್ನೆಟ್ ಅಂದ್ರೆ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್. ಆಗಿನ ಎಷ್ಟೋ ಕನ್ನಡ ಸೈಟುಗಳ ಅಕ್ಷರ ಅದೊಂದರಲ್ಲೇ ಕಾಣೋದು, ಬೇರೆ ಬ್ರೌಸರ್‌ನಲ್ಲಿ ತೆಗೆದ್ರೆ ಅರ್ಥವಿಲ್ಲದ ಗೀಚು. 2004ರ ನವೆಂಬರ್ 9ಕ್ಕೆ ಫೈರ್‌ಫಾಕ್ಸ್‌ನ ಮೊದಲ ಆವೃತ್ತಿ ಬಂತು. ಲಾಭ ಹಂಚೋ ಷೇರುದಾರರಿಲ್ಲದ ಮೊಜಿಲ್ಲಾ ಫೌಂಡೇಶನ್‌ನದ್ದು, ಕೋಡ್ ಎಲ್ಲರಿಗೂ ತೆರೆದದ್ದು. ಅದನ್ನ ಕನ್ನಡಕ್ಕೆ ತಂದಿದ್ದು ಸಂಬಳ ಇಲ್ಲದೆ ಕೂತು ಅನುವಾದ ಮಾಡಿದ ಸ್ವಯಂಸೇವಕರು. ಇವತ್ತಿಗೂ ಅದರ ಮೆನು ಕನ್ನಡದಲ್ಲಿ ಸಿಗುತ್ತೆ.

2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರ್‌ಗೆ ಬೆಂಬಲ ನಿಲ್ಲಿಸಿತು. ಅದೊಂದಕ್ಕೇ ಅಂತ ಕಟ್ಟಿದ ಸರ್ಕಾರಿ ಪುಟಗಳನ್ನ ಮತ್ತೆ ಬರೆಸಿದ್ದು ಯಾರ ದುಡ್ಡಲ್ಲಿ? ನಮ್ಮ ತೆರಿಗೆ ದುಡ್ಡಲ್ಲಿ. ಈಗ ಅದೇ ತಪ್ಪನ್ನ ಕ್ರೋಮ್ ಹೆಸರಲ್ಲಿ ಮಾಡ್ತಿದ್ದಾರೆ.

"ಬೇರೆ ಬ್ರೌಸರ್ ಬೇಕಾದಷ್ಟಿವೆಯಲ್ಲ" ಅಂತ ಕೇಳ್ತೀರಿ. ಬೋರ್ಡ್ ನೋಡಬೇಡಿ, ಒಳಗಿನ ಇಂಜಿನ್ ನೋಡಿ. ಎಡ್ಜ್, ಒಪೆರಾ, ಬ್ರೇವ್ ಎಲ್ಲಾ ಗೂಗಲ್ ಮುನ್ನಡೆಸೋ ಕ್ರೋಮಿಯಂ ಮೇಲೆ ನಿಂತಿವೆ. ನಮ್ಮ ಬೆಂಗಳೂರಿನಲ್ಲೇ 2010ರಲ್ಲಿ ಎಪಿಕ್ ಅನ್ನೋ ಬ್ರೌಸರ್ ಬಂತು, ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡೋ ಸೌಲಭ್ಯದ ಜೊತೆ. ಅದು ಫೈರ್‌ಫಾಕ್ಸ್ ತಳಹದಿ ಮೇಲೆ ಕಟ್ಟಿದ್ದು. 2013ಕ್ಕೆ ಖಾಸಗಿತನದ ಬ್ರೌಸರ್ ಆಗಿ ಮತ್ತೆ ಬಂದಾಗ ಕ್ರೋಮಿಯಂಗೆ ಹಾರಿತ್ತು. 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸ್ವದೇಶಿ ಬ್ರೌಸರ್ ಸ್ಪರ್ಧೆಯಲ್ಲಿ ಚೆನ್ನೈನ ಜೋಹೋ ಕಂಪನಿಗೆ ಒಂದು ಕೋಟಿ ಬಹುಮಾನ ಕೊಟ್ಟಿತು. ಅವರ ಉಲಾ ಬ್ರೌಸರ್ ನಿಂತಿರೋದೂ ಕ್ರೋಮಿಯಂ ಮೇಲೆನೇ. ಕ್ರೋಮಿಯಂ ಕೋಡ್ ಎಲ್ಲರಿಗೂ ತೆರೆದಿದೆ, ನಿಜ. ಆದ್ರೆ ಅದು ಯಾವ ದಿಕ್ಕಿಗೆ ಹೋಗಬೇಕು ಅನ್ನೋದರಲ್ಲಿ ಗೂಗಲ್ ಮಾತೇ ದೊಡ್ಡದು. ಬೇರೆ ಇಂಜಿನ್ ಅಂತ ಉಳಿದಿರೋ ದೊಡ್ಡವು ಎರಡೇ: ಆಪಲ್‌ನದ್ದು ಒಂದು, ಫೈರ್‌ಫಾಕ್ಸ್‌ನದ್ದು ಒಂದು. ಆಪಲ್ ಫೋನ್ ನಮ್ಮ ಕೇರಿಗೆ ಎಷ್ಟು ಬಂದಿದೆ ನಿಮಗೇ ಗೊತ್ತು.

ಫೈರ್‌ಫಾಕ್ಸ್ ಮಾತ್ರ ಬಡವರ ಕೈಗೂ ಬಂದಿತ್ತು. 2014ರಲ್ಲಿ 1,999 ರೂಪಾಯಿಗೆ ಫೈರ್‌ಫಾಕ್ಸ್ ಫೋನ್ ಬಂತು, ಓಡಲಿಲ್ಲ. ಆದ್ರೆ ಅದೇ ಬೇರಿನಿಂದ ಬಂದ ಕಾಯ್‌ಓಎಸ್, 2017ರ ಜಿಯೋಫೋನ್ ಒಳಗೆ ಕೂತು ಲಕ್ಷಾಂತರ ಮನೆ ಸೇರಿತು. ಈಗ ಕಂಪ್ಯೂಟರ್, ಆಂಡ್ರಾಯ್ಡ್ ಫೋನ್ ಎರಡರಲ್ಲೂ ಸಿಗುತ್ತೆ. 2023ರ ಡಿಸೆಂಬರ್‌ನಿಂದ ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ಗೂ ನೂರಾರು ಆಡ್‌ಆನ್ ಹಾಕ್ಕೋಬಹುದು. ಜಾಹೀರಾತು ತಡೆಯೋ ಯುಬ್ಲಾಕ್ ಒರಿಜಿನ್ ಒಂದು ಹಾಕಿದ್ರೆ ಡೇಟಾ ಉಳಿಯುತ್ತೆ, ಹಳೇ ಫೋನೂ ಸ್ವಲ್ಪ ಉಸಿರಾಡುತ್ತೆ.

ನಮ್ಮವರಿಗೆ ಇದು ಯಾಕೆ ಮುಖ್ಯ? ನಾವು ಫೋನಲ್ಲಿ ಏನು ಹುಡುಕ್ತೀವಿ ಯೋಚನೆ ಮಾಡಿ. ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್, ಹಾಸ್ಟೆಲ್ ಸೀಟು, ಸಾಲ, ಕಾಯಿಲೆ, ಅಂತರ್ಜಾತಿ ಮದುವೆ ರಿಜಿಸ್ಟ್ರೇಶನ್. ಇವಿಷ್ಟನ್ನ ಒಂದು ಕಡೆ ಸೇರಿಸಿದ್ರೆ ನಮ್ಮ ಜಾತಿ, ಕಷ್ಟ, ಭಯ ಎಲ್ಲಾ ಬರೆದಿಟ್ಟ ಹಾಗೆ. ಒಂದು ಸೈಟಿನಿಂದ ಇನ್ನೊಂದಕ್ಕೆ ಬೆನ್ನಟ್ಟಿ ಬರೋ ಕುಕೀಗಳನ್ನ ಫೈರ್‌ಫಾಕ್ಸ್ 2019ರಿಂದಲೇ ತಾನಾಗಿ ತಡೀತಾ ಬಂದಿದೆ. ಗೂಗಲ್ 2020ರಲ್ಲಿ "ನಾವೂ ನಿಲ್ಲಿಸ್ತೀವಿ" ಅಂತ ಹೇಳಿ, 2024ರಲ್ಲಿ ಮಾತು ಬದಲಿಸಿತು. ಜಾಹೀರಾತಿನಿಂದ ಬದುಕೋ ಕಂಪನಿ ಇನ್ನೇನು ಮಾಡುತ್ತೆ?

ಹಾಗಂತ ಫೈರ್‌ಫಾಕ್ಸ್‌ಗೆ ಪೂಜೆ ಮಾಡೋಣ ಅಂತಲ್ಲ. ಪೂಜೆ ನಮ್ಮ ಕೆಲಸ ಅಲ್ಲ. ಮೊಜಿಲ್ಲಾದ ಬಹುಪಾಲು ಆದಾಯ ಗೂಗಲ್‌ನಿಂದಲೇ ಬರುತ್ತೆ, ಸರ್ಚ್ ಒಪ್ಪಂದದ ದುಡ್ಡು. 2025ರ ಫೆಬ್ರವರಿಯಲ್ಲಿ "ನಿಮ್ಮ ಮಾಹಿತಿ ಮಾರಲ್ಲ" ಅನ್ನೋ ಹಳೇ ಮಾತನ್ನ ತಮ್ಮ ಪುಟದಿಂದ ತೆಗೆದಾಗ ಜನ ಸರಿಯಾಗೇ ತರಾಟೆಗೆ ತಗೊಂಡ್ರು. ಆಮೇಲೆ ಅವರು ಪದಗಳನ್ನ ತಿದ್ದಿ, ವಿವರಣೆ ಕೊಡಬೇಕಾಯ್ತು. ಇನ್ನೊಂದು ಮಾತು, ಯಾವ ಬ್ರೌಸರ್ ಹಾಕಿದ್ರೂ ಫೇಸ್‌ಬುಕ್‌ಗೆ ಲಾಗಿನ್ ಆಗಿ ಬರೆದಿದ್ದು ಗುಟ್ಟಾಗಿರಲ್ಲ. ಆ ಭ್ರಮೆಯಲ್ಲಿ ಯಾರೂ ಇರಬೇಡಿ.

"ಇಷ್ಟ ಇಲ್ಲದಿದ್ರೆ ಕ್ರೋಮ್ ಬಿಡಿ, ಯಾರು ಬೇಡ ಅಂದ್ರು" ಅನ್ನೋರಿಗೂ ಒಂದು ಮಾತು. ಆಂಡ್ರಾಯ್ಡ್ ಫೋನಿನಲ್ಲಿ ತನ್ನ ಆಪ್‌ಗಳನ್ನೇ ಮೊದಲೇ ತುಂಬಿ ಕಳಿಸೋದೂ ಸೇರಿದ ಹಾಗೆ ಪೈಪೋಟಿ ತಡೆಯೋ ನಡವಳಿಕೆಗೆ ನಮ್ಮದೇ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ದಂಡ ಎತ್ತಿಹಿಡೀತು. ಒಂದು ಕಡೆ ದಂಡ ಹಾಕೋದು, ಇನ್ನೊಂದು ಕಡೆ ಸರ್ಕಾರಿ ಸೈಟುಗಳೇ ಜನರನ್ನ ಅದೇ ಬಾಗಿಲಿಗೆ ತಳ್ಳೋದು. ಇದು ಯಾವ ನ್ಯಾಯ?

ಈಗ ಕೆಲಸದ ಮಾತು.

ಒಂದು, ಫೈರ್‌ಫಾಕ್ಸ್ ಹಾಕ್ಕೊಳ್ಳಿ, ದಿನದ ಓದು ಅದರಲ್ಲಿ ಮಾಡಿ. ಅರ್ಜಿ ತುಂಬೋಕೆ ಕ್ರೋಮ್ ಇಟ್ಕೊಂಡಿರಿ, ನಾಚಿಕೆ ಬೇಡ. ಕೊನೇ ದಿನಕ್ಕಂತೂ ಕಾಯಲೇಬೇಡಿ.

ಎರಡು, ಯಾವುದಾದ್ರೂ ಸರ್ಕಾರಿ ಪುಟ ಫೈರ್‌ಫಾಕ್ಸ್‌ನಲ್ಲಿ ಕೈಕೊಟ್ರೆ ಸ್ಕ್ರೀನ್‌ಶಾಟ್ ತೆಗೀರಿ. ದಿನಾಂಕ, ಸಮಯ, ಯಾವ ಬಟನ್ ಅಂತ ಬರೆದಿಡಿ. ಆರ್‌ಡಿ ನಂಬರ್, ಆಧಾರ್ ನಂಬರ್ ಮರೆಮಾಡಿ ನನಗೆ ಕಳಿಸಿ.

ಮೂರು, ಆ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕೋಣ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕೇಳೋದು ಇಷ್ಟೇ: ಈ ವೆಬ್‌ಸೈಟನ್ನ ಯಾವ ಯಾವ ಬ್ರೌಸರ್‌ಗಳಲ್ಲಿ ಪರೀಕ್ಷೆ ಮಾಡಿದ್ದೀರಿ? ವರದಿಯ ಪ್ರತಿ ಕೊಡಿ.

ಆ ಅಕ್ಕನ ಮನೆಗೆ ಮೊನ್ನೆ ಹೋಗಿದ್ದೆ. "ನಿಮ್ ಮಗನ ಅರ್ಜಿ ಮೇಲೆ ಹೋರಾಟ ಮಾಡಲ್ಲ ಅಕ್ಕ, ಅರ್ಜಿ ತಗೊಳ್ಳೋರ ಮೇಲೆ ಮಾಡ್ತೀನಿ" ಅಂದೆ. ಟೀ ಕೊಟ್ರು, ಏನೂ ಹೇಳಲಿಲ್ಲ. ಮಗ ಮಾತ್ರ ಆ ರಾತ್ರಿಯ ಸ್ಕ್ರೀನ್‌ಶಾಟ್ ಕಳಿಸಿದ. ಮಾಹಿತಿ ಹಕ್ಕಿನ ಮೊದಲ ಅರ್ಜಿ ಅದರದ್ದೇ.

ಜೈ ಭೀಮ್.