ಮನೆ ಯಾರದು ಅಂತ ಹಲಗೆ ಹೇಳಲಿ

ಹೋದ ಬ್ಯಾಸಿಗಿಯಲ್ಲಿ ಬೆಂಗಳೂರಿನ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ಆನ್‌ಲೈನ್‌ನಲ್ಲಿ ತರಿಸಿದ ಮನೆಯ ಬೋರ್ಡು. ಮರದ ಹಲಗೆ, ಅಲ್ಲಲ್ಲಿ ಬಣ್ಣ ಎದ್ದಂತೆ, ಮೂಲೆ ಸವೆದಂತೆ, ನಾಲ್ಕಾರು ಮೊಳೆ ತೂತು ಬೇರೆ. ಮೇಲೆ ಇಂಗ್ಲಿಷಿನಲ್ಲಿ 'ಹೋಮ್ ಸ್ವೀಟ್ ಹೋಮ್'. "ರಸ್ಟಿಕ್ ಲುಕ್ ಕಣೋ, ಸಾವಿರದ ಮೇಲಾಯ್ತು" ಅಂದ. ರಸ್ಟಿಕ್ ಅಂದರೆ ಹಳ್ಳಿಗಾಡಿನದು. ಅದೇ ವಾರ ನಮ್ಮ ಓಣಿಯಲ್ಲಿ ಒಬ್ಬರು ಅಜ್ಜನ ಕಾಲದ ಬಾಗಿಲು ಕಿತ್ತು ಒಲೆಗೆ ಹಾಕಿ, ಕರಿ ಗ್ರಾನೈಟಿನ ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು ಕೊರೆಸಿ ಹಚ್ಚಿದರು. ಹಳ್ಳಿಯವರು ಸುಡುವುದನ್ನು ಪ್ಯಾಟಿಯವರು ಕೊಳ್ಳುತ್ತಿದ್ದಾರೆ. ಅದೂ ಖರೇ ಹಳೆಯದಲ್ಲ. ಹೊಸ ಹಲಗೆಗೆ ಮೇಣದಬತ್ತಿ ತಿಕ್ಕಿ, ಅದರ ಮೇಲೆ ಬಣ್ಣ ಬಳಿದು, ಒಣಗಿದ ಮೇಲೆ ಉಜ್ಜಿದರೆ ಮೇಣ ಇದ್ದಲ್ಲಿ ಬಣ್ಣ ಕಿತ್ತು ಬರುತ್ತದೆ, ಐವತ್ತು ವರ್ಷದ ಮುಪ್ಪು ಅರ್ಧ ದಿನದಲ್ಲಿ ತಯಾರು.

ನಮ್ಮ ಹಿತ್ತಲಲ್ಲಿ ಚಕ್ಕಡಿಯೊಂದು ಮುರಿದು ಬಿದ್ದು ಹತ್ತು ವರ್ಷದ ಮೇಲಾಗಿತ್ತು. ಅದರ ಒಂದು ಹಲಗೆ ತೆಗೆದು ಮನೆಗೆ ಬೋರ್ಡು ಮಾಡಿದೆ. ಅದನ್ನು ಮಾಡುವಾಗ ಎರಡು ವಿಷಯ ತಲೆಗೆ ಹತ್ತಿದವು. ಒಂದು, ಕೈಯಿಂದ ಅಕ್ಷರ ಬರೆಯುವವರ ಕಸುಬಿನದು. ಇನ್ನೊಂದು, ಬೋರ್ಡಿನ ಮೇಲೆ ಯಾರ ಹೆಸರು ಇರಬೇಕು ಅನ್ನುವುದು. ಎರಡನೆಯದಕ್ಕೆ ಮನೆಯಲ್ಲಿ ಜಗಳವೇ ಆಯಿತು.

ಮೊದಲು ಹಲಗೆಯ ಮಾತು. ಎರಡು ಅಡಿ ಉದ್ದ, ಒಂಬತ್ತು ಇಂಚು ಅಗಲ, ಸಾಗವಾನಿ. ಸಾಗವಾನಿಯೇ ಆಗಬೇಕೆಂದಿಲ್ಲ, ಹಲಸು, ಮತ್ತಿ, ಹಳೆ ಕಿಟಕಿಯ ಪಡಕು ಯಾವುದಾದರೂ ನಡೆಯುತ್ತದೆ. ಗೆದ್ದಲು ಹತ್ತಿರಬಾರದು, ಹಸಿ ಇರಬಾರದು. ನಾನು ಮಾಡಿದ ಮೊದಲ ತಪ್ಪೇ ಅದು. ಮಳೆಯಲ್ಲಿ ನೆನೆದಿದ್ದ ಹಲಗೆಯನ್ನು ಮೂರು ದಿನ ಬಿಸಿಲಿಗಿಟ್ಟು, ಮೇಲೆ ಒಣಗಿದ್ದು ನೋಡಿ ಪ್ರೈಮರ್ ಇಲ್ಲದೆ ನೇರ ಎನಾಮೆಲ್ ಬಳಿದೆ. ಒಳಗಿನ ಪಸೆ ಹೊರಗೆ ಬರಲು ದಾರಿ ಹುಡುಕಿತು. ತಿಂಗಳೊಳಗೆ ಬಣ್ಣ ಹಪ್ಪಳದಂತೆ ಉಬ್ಬಿತು. ಎಲ್ಲ ಕೆರೆದು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಎರಡನೆಯ ಸಲ ಹದಿನೈದು ದಿನ ಒಣಗಿಸಿದೆ, ನೇರ ಬಿಸಿಲಲ್ಲಿ ಅಲ್ಲ, ಗಾಳಿ ಆಡುವ ನೆರಳಲ್ಲಿ. ಬಿಸಿಲಿಗೆ ಒಂದೇ ಬದಿ ಒಣಗಿದರೆ ಹಲಗೆ ಡೊಂಕಾಗುತ್ತದೆ. ಮೊಳೆ ಕಿತ್ತೆ, 80 ನಂಬರಿನ ಉಜ್ಜು ಕಾಗದ, ಆಮೇಲೆ 120. ಮರದ ಎಳೆ ಹೋದ ದಿಕ್ಕಿಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಬಣ್ಣದ ಮೇಲೂ ಕಾಣುತ್ತದೆ. ತೂತುಗಳಿಗೆ ಪುಟ್ಟಿ ತುಂಬಲಿಲ್ಲ. ಅವು ನಮ್ಮ ಚಕ್ಕಡಿಯ ತೂತುಗಳು, ಇರಲಿ. ನೆಲದ ಬಣ್ಣಕ್ಕೆ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಅಗಸೆ ಎಣ್ಣೆಯಲ್ಲಿ ಕಲಸಿ ತೆಳುವಾಗಿ ಬಳಿದೆ. ಒಣಗಲು ವಾರದ ಮೇಲೆ ಹಿಡಿಯುತ್ತದೆ, ಅವಸರ ಇದ್ದವರು ಇದಕ್ಕೆ ಕೈ ಹಾಕಬಾರದು. ಆದರೆ ಮರದ ಎಳೆ ಬಣ್ಣದೊಳಗಿಂದ ಕಾಣುತ್ತದೆ, ಎನಾಮೆಲ್‌ನಲ್ಲಿ ಅದು ಮುಚ್ಚಿಹೋಗುತ್ತದೆ. ಹಲಗೆಯ ಹಿಂಬದಿಗೂ, ಗರಗಸ ಬಿದ್ದ ಎರಡೂ ತುದಿಗಳಿಗೂ ಎಣ್ಣೆ ಕುಡಿಸಿದೆ. ನೀರು ಒಳಗೆ ಹೋಗುವುದು ಹೆಚ್ಚಾಗಿ ಆ ತುದಿಗಳಿಂದಲೇ.

ಅಕ್ಷರಕ್ಕೆ ಬಂದಾಗ ಸೋತೆ. ಡಿಪ್ಲೊಮಾದಲ್ಲಿ ನಮಗೆ ಪುಟ ವಿನ್ಯಾಸ ಕಲಿಸಿದ್ದರು, ಕುಂಚ ಹಿಡಿಯುವುದನ್ನಲ್ಲ. ಕನ್ನಡದ ಅಕ್ಷರ ಗುಂಡಗೆ. ಚಪ್ಪಟೆ ಕುಂಚವನ್ನು ಬೆರಳಲ್ಲಿ ತಿರುಗಿಸುತ್ತ ಹೋದರೆ ಮಾತ್ರ ಗೆರೆಯ ದಪ್ಪ ಒಂದೇ ತೆರನಾಗಿರುತ್ತದೆ. ಜೊತೆಗೆ ಒತ್ತಕ್ಷರ. ಇಂಗ್ಲಿಷ್ ದೊಡ್ಡಕ್ಷರಗಳಾದರೆ ಎರಡು ಗೆರೆಯ ನಡುವೆ ಕೂತುಬಿಡುತ್ತವೆ. ನಮ್ಮದಕ್ಕೆ ಕೆಳಗೆ ಒತ್ತಿಗೂ ಮೇಲೆ ಗುಡಿಸಿಗೂ ಜಾಗ ಬಿಟ್ಟೇ ಅಳತೆ ಹಾಕಬೇಕು. ನಾನು ಬಿಡಲಿಲ್ಲ. ಕೊನೆಯ 'ವ್ವ'ದ ಒತ್ತು ಹಲಗೆಯ ಅಂಚಿಗೆ ಹೋಗಿ ಜೋತುಬಿತ್ತು.

ಆಗ ನಮ್ಮೂರ ಪೇಂಟರ್ ಕಾಕಾನ ಹತ್ತಿರ ಹೋದೆ. ನಾನು ಶಾಲೆಗೆ ಹೋಗುವಾಗ ಸಂತೆ ಬೀದಿಯ ಅರ್ಧ ಅಂಗಡಿಗಳ ಬೋರ್ಡು ಅವರ ಕೈಯವೇ. ಹಾದಿಯಲ್ಲಿ ನಿಂತು ಅವನ್ನು ಓದುತ್ತಲೇ ನನಗೆ ಕನ್ನಡ ಸಲೀಸಾಗಿದ್ದು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ಈಗ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ನಂಬರು, ಶಾಲೆಯ ಗೋಡೆಗೆ ನಕಾಶೆ, ಪಂಚಾಯ್ತಿ ಗೋಡೆಗೆ ಶೌಚಾಲಯದ ಘೋಷಣೆ. ಉಳಿದ ದಿನ ಮನೆಗಳಿಗೆ ಸುಣ್ಣ.

ಹಲಗೆ ನೋಡಿ ನಕ್ಕರು. "ನಡುವಿನ ಅಕ್ಷರದಿಂದ ಶುರು ಮಾಡ್ಬೇಕೋ ತಮ್ಮಾ, ಎಡಕ್ಕಿಂದ ಬರ್ಕೋಂತ ಹೋದ್ರ ಕಡೀಕ ಜಾಗ ಎಲ್ಲಿ ಉಳೀತೈತಿ?" ಚಾಕ್ ಹಚ್ಚಿದ ದಾರ ಹಿಡಿದು ಟಪ್ಪಂತ ಹೊಡೆದು ಮೂರು ಗೆರೆ ಎಳೆದರು. ಅಕ್ಷರದಿಂದ ಅಕ್ಷರಕ್ಕೆ ಅಂತರವನ್ನು ಸ್ಕೇಲಿನಿಂದ ಅಳೆಯಲಿಲ್ಲ, ಕಣ್ಣಳತೆ. ಬಿಳಿ ಎನಾಮೆಲ್‌ಗೆ ನಾಲ್ಕು ಹನಿ ಟರ್ಪೆಂಟೈನ್ ಹಾಕಿ, ಎಡಗೈಯ ಮೇಲೆ ಬಲಗೈ ಊರಿ ಬರೆದರು. ಮುಕ್ಕಾಲು ತಾಸಿನ ಕೆಲಸ. ಮುನ್ನೂರು ರೂಪಾಯಿ ಕೊಟ್ಟರೆ ಐವತ್ತು ವಾಪಸ್ ಕೊಡಲು ಬಂದರು.

ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸನ್ನೂ ಸೇರಿಸಿತ್ತು. ಆ ನಿಷೇಧದ ಸುದ್ದಿ ಬರೆದವರಲ್ಲಿ ನಾನೂ ಒಬ್ಬ. ಮರುದಿನ ಅದೇ ಸರ್ಕಲಿನಲ್ಲಿ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ನೋಡಿದವನೂ ನಾನೇ. 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಅಂಗಡಿ, ಕಚೇರಿಗಳ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದರು. ಒಳ್ಳೆಯದೇ. ಆದರೆ ಆ ಕನ್ನಡ ಬರೆಯುವ ಕೈಗಳ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಲಾಭ ಆಗಿದ್ದು ಪ್ರಿಂಟಿಂಗ್ ಮಷಿನ್ ಇಟ್ಟವರಿಗೆ. ಅಲ್ಲಿ ಒತ್ತಕ್ಷರ ಫಾಂಟ್ ಕೆಟ್ಟು ಎಲ್ಲೋ ಹಾರಿರುತ್ತದೆ, ಅದನ್ನೇ ಹಾಗೇ ತೂಗುಹಾಕಿರುತ್ತಾರೆ. ಮನೆಗಳಿಗೆ ಈ ಕಾನೂನು ಇಲ್ಲ, ಇರಲೂಬಾರದು. ನಾವಾಗಿಯೇ ವರ್ಷಕ್ಕೆ ಹತ್ತು ಮನೆಯವರು ಹಲಗೆ ಹಿಡಿದು ಇಂಥ ಕಾಕಾನ ಮನೆಗೆ ಹೋದರೂ ಅವರ ಕುಂಚ ಒಣಗುವುದಿಲ್ಲ.

ಇನ್ನು ಹೆಸರಿನ ಜಗಳ. ನಮ್ಮದು ವಸತಿ ಯೋಜನೆಯ ಮನೆ. ಈ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಹೆಣ್ಣುಮಗಳ ಹೆಸರಿಗೇ ಮಂಜೂರಾಗುತ್ತದೆ, ನಮ್ಮದೂ ಅವ್ವನ ಹೆಸರಿಗೆ. ಪಂಚಾಯ್ತಿಯ ದಾಖಲೆಯಲ್ಲಿ ಆಕೆ ಮಾಲಕಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿಗೂ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಎರಡು ಸಾವಿರ ರೂಪಾಯಿ ಬಂದದ್ದು 'ಯಜಮಾನಿ'ಯ ಖಾತೆಗೆ. ಇಷ್ಟೆಲ್ಲ ಆದರೂ ಯಾವ ಊರಿಗೆ ಬೇಕಾದರೂ ಹೋಗಿ ಬಾಗಿಲು ನೋಡಿ, ಗಂಡಸಿನ ಹೆಸರು, ಅದರ ಕೆಳಗೆ ಅವನ ಡಿಗ್ರಿ ಇಲ್ಲವೇ ಪಕ್ಷದ ಹುದ್ದೆ. ಸುದ್ದಿಗೆಂದು ಹಳ್ಳಿ ತಿರುಗುವಾಗ ನಾನು ಹೆಂಗಸರ ಹೆಸರು ಗೋಡೆಯ ಮೇಲೆ ಕಂಡದ್ದು ಯೋಜನೆಯ ವಿವರದಲ್ಲಿ, 'ಫಲಾನುಭವಿ' ಎಂಬ ಶಬ್ದದ ಮುಂದೆ. 'ಮಾತೃಕೃಪಾ', 'ಮಾತೋಶ್ರೀ ನಿಲಯ' ಅಂತ ಬೇಕಾದಷ್ಟಿವೆ. ಆ ತಾಯಿಯ ಹೆಸರೇನು ಅಂತ ಮಾತ್ರ ಎಲ್ಲೂ ಇಲ್ಲ.

ಅದಕ್ಕೇ ನಾನು ಅವ್ವನ ಹೆಸರು ಬರೆಸುತ್ತೇನೆ ಅಂದೆ. ಮೊದಲು ಬೇಡ ಅಂದವಳು ಅವ್ವನೇ. "ಬೀದಿಗೆಲ್ಲಾ ನನ್ನ ಹೆಸರ್ಯಾಕ? ಮಂದಿ ಏನಂದಾರು?" ಅಪ್ಪ ಏನೂ ಅನ್ನಲಿಲ್ಲ, ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ ಅಷ್ಟೇ. ಅಪ್ಪನದೂ ತಪ್ಪು ಅನ್ನಲಾರೆ. ಆ ಮನೆಗೆ ಇಟ್ಟಂಗಿ ಹೊತ್ತದ್ದು ಅವನು, ಹಲಗೆಯೂ ಅವನ ಚಕ್ಕಡಿಯದು. ಇಬ್ಬರ ಹೆಸರೂ ಹಾಕು ಅಂದರು ಗೆಳೆಯರು. ನ್ಯಾಯವೇ. ಹೊಸದಾಗಿ ಬೋರ್ಡು ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ, ಅಜ್ಜಿ ಇದ್ದರೆ ಅಜ್ಜಿಯದೂ ಸೇರಲಿ. ಆದರೆ ನಮ್ಮ ಎರಡು ಅಡಿಯ ಹಲಗೆಯಲ್ಲಿ ಒಂದೇ ಹೆಸರಿಗೆ ಜಾಗ ಇತ್ತು, ಮತ್ತು ಅಪ್ಪನ ಹೆಸರು ಕರೆಂಟ್ ಬಿಲ್ಲಿನಿಂದ ಹಿಡಿದು ಮದುವೆ ಕಾರ್ಡಿನವರೆಗೆ ಎಲ್ಲ ಕಡೆ ಬಂದಾಗಿತ್ತು. ಕಾಗದ ಹೇಳಿದ್ದನ್ನು ಬಾಗಿಲು ಯಾಕೆ ಮುಚ್ಚಿಡಬೇಕು ಅನ್ನುವುದು ನನ್ನ ವಾದ. ಅಪ್ಪ ಅದಕ್ಕೆ ಉತ್ತರ ಕೊಡಲಿಲ್ಲ. ಮೂರನೆಯ ದಿನ ಡ್ರಿಲ್ ಇಸಿದುಕೊಂಡು ಬಂದವನು ಅವನೇ. ಗೋಡೆಗೆ ಅಂಟಿಸಬೇಡ, ಹಿಂದೆ ಅರ್ಧ ಇಂಚು ಕಟ್ಟಿಗೆ ಚೂರು ಕೊಡು, ಗಾಳಿ ಆಡಲಿ ಅಂದ. ಸೂರಿನ ಕೆಳಗೆ, ಜಡಿಮಳೆಯ ಇರಚಲು ಬೀಳದ ಜಾಗ ತೋರಿಸಿದ. ಹಿತ್ತಾಳೆ ಸ್ಕ್ರೂ ಎರಡು.

ಅವ್ವ ಈಗಲೂ 'ವ್ವ' ಸ್ವಲ್ಪ ದೊಡ್ಡದಾಯ್ತು ಅನ್ನುತ್ತಾಳೆ.

ಮೊನ್ನೆ ಪಕ್ಕದ ಮನೆಯ ಚಿಗವ್ವ ಹಳೆ ಕಿಟಕಿಯ ಪಡಕೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ತನ್ನ ಹೆಸರಲ್ಲ, ಮಗಳದು ಬರೆಸಬೇಕಂತೆ. ನಡುವೆ ಹಸಿ ಇತ್ತು. ದೀಪಾವಳಿತನಕ ಅಟ್ಟದ ಮೇಲಿಡು, ಆಮೇಲೆ ಕಾಕಾನ ಹತ್ತಿರ ಹೋಗೋಣ ಅಂತ ಹೇಳಿ ಕಳಿಸಿದ್ದೇನೆ.