ಟ್ಯೂಬಿನ ಮೇಲಿನ 50 ಮತ್ತು ನಮ್ಮ ಲೆಕ್ಕ

ನಂಜನಗೂಡಿನಲ್ಲಿ ನಾನು ಸನ್‌ಸ್ಕ್ರೀನ್ ಕೊಳ್ಳುವ ಅಂಗಡಿಯಲ್ಲಿ ಟ್ಯೂಬುಗಳನ್ನು ಗಾಜಿನ ಶೋಕೇಸಿನಲ್ಲಿ, ಸಂಜೆ ಬಿಸಿಲು ನೇರವಾಗಿ ಬೀಳುವ ಕಡೆ ಜೋಡಿಸಿದ್ದಾರೆ. ಬಿಸಿಲಿನಿಂದ ನಮ್ಮನ್ನು ಕಾಪಾಡಬೇಕಾದ ಕ್ರೀಮೇ ಬಿಸಿಲಲ್ಲಿ ಬೇಯುತ್ತಿದೆ! ಹೆಚ್ಚು ಕಾದರೆ ಕ್ರೀಮು ಒಡೆದು ಎಣ್ಣೆ, ನೀರು ಬೇರೆಯಾಗಬಹುದು. ಆಗ ಅದು ಮುಖಕ್ಕೆ ಸಮನಾಗಿ ಹರಡುವುದಿಲ್ಲ.

ಹಚ್ಚಿದ ಮೇಲೂ ಅದರ ಶಕ್ತಿ ಹಾಗೇ ಉಳಿಯುವುದಿಲ್ಲ. ಅವೊಬೆಂಜೋನ್ ಎಂಬ ರಾಸಾಯನಿಕ ಯುವಿಎ ಕಿರಣವನ್ನು ತಡೆಯುತ್ತದೆ, ಆದರೆ ಬಿಸಿಲಿಗೆ ತಾನೂ ಒಡೆಯುತ್ತದೆ. ಅದಕ್ಕೇ ಅದರ ಜೊತೆ ಆಕ್ಟೋಕ್ರೈಲೀನ್‌ನಂಥವನ್ನು ಸೇರಿಸುತ್ತಾರೆ. ಜಿಂಕ್ ಆಕ್ಸೈಡ್ ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಆದರೆ ಬೆವರಿಗೆ, ಕರ್ಚೀಫಿಗೆ ಯಾವುದಾದರೂ ಹೋಗುತ್ತದೆ. ಆದ್ದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಎನ್ನುತ್ತಾರೆ.

ಇನ್ನು ಟ್ಯೂಬಿನ ಮೇಲಿನ ಸಂಖ್ಯೆ. ಎಸ್‌ಪಿಎಫ್ 30 ಇದ್ದರೆ ಯುವಿಬಿ ಕಿರಣದ ಸುಮಾರು ಶೇ. 97, 50 ಇದ್ದರೆ ಸುಮಾರು ಶೇ. 98 ತಡೆಯುತ್ತದೆ. ಆದರೆ ಪ್ರಯೋಗಾಲಯದಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಈ ಸಂಖ್ಯೆಯನ್ನು ಅಳೆಯುತ್ತಾರೆ. ಕಾಮರ್ಸ್ ವಿದ್ಯಾರ್ಥಿನಿಯಾದ ನಾನು ಲೆಕ್ಕ ಹಾಕಿದೆ. ಮುಖ, ಕತ್ತಿಗೆ ಒಂದು ಸಲಕ್ಕೆ ಸುಮಾರು 1.25 ಗ್ರಾಂ ಬೇಕು. ದಿನಕ್ಕೆ ಎರಡೇ ಸಲ ಹಚ್ಚಿದರೂ 50 ಗ್ರಾಂ ಟ್ಯೂಬು 20 ದಿನಕ್ಕೆ ಮುಗಿಯಬೇಕು. ನಮ್ಮ ಮನೆಯಲ್ಲಿ ನಾನು ಮತ್ತು ಆಪಾ ಒಂದೇ ಟ್ಯೂಬನ್ನು ನಾಲ್ಕು ತಿಂಗಳು ಓಡಿಸುತ್ತೇವೆ! ಅಮ್ಮಿ ಇದನ್ನು ಉಳಿತಾಯ ಎನ್ನುತ್ತಾರೆ. ನಿಜವಾಗಿ ನಾವು 50ರ ದುಡ್ಡು ಕೊಟ್ಟು ಅದರಲ್ಲಿ ಸ್ವಲ್ಪವನ್ನೇ ಪಡೆಯುತ್ತಿದ್ದೇವೆ.

ತಿಂಗಳಿಗೆ ಒಂದೂವರೆ ಟ್ಯೂಬು ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಜನರಿಗಿದೆ? ಆದ್ದರಿಂದ ಮೊದಲು ನೆರಳು, ಆಮೇಲೆ ಕ್ರೀಮು ಎಂಬುದು ನನ್ನ ಅಭಿಪ್ರಾಯ. ಟಿ. ನರಸೀಪುರದಿಂದ ಬರುವ ಗೆಳತಿಯರು ಬಸ್ಸಿಗೆ ಕಾಯುವಾಗ ಛತ್ರಿ ಹಿಡಿಯಲು ನಾಚಬೇಕಿಲ್ಲ. ಹುಡುಗರು ಟೋಪಿ ಹಾಕಲಿ. ನಮ್ಮ ಕ್ರೀಡಾ ಅಭ್ಯಾಸವನ್ನು ಬೆಳಿಗ್ಗೆ 10ರೊಳಗೆ ಮುಗಿಸಬೇಕೆಂದು ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ. ಮುಚ್ಚಲಾಗದ ಭಾಗಕ್ಕೆ ಮಾತ್ರ ಕ್ರೀಮು ಹಚ್ಚೋಣ, ಆದರೆ ಸಾಕಷ್ಟು ಹಚ್ಚೋಣ.

ಕೊಳ್ಳುವಾಗ ಎಕ್ಸ್‌ಪೈರಿ ದಿನಾಂಕ ನೋಡೋಣ, ಕೇಳೋಣ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಮಾಹಿತಿ ಪಡೆಯುವ ಹಕ್ಕು ಇದೆ ಎಂದು ಪರೀಕ್ಷೆಗೆ ಬರೆದರೆ ಸಾಲದು. ಕಳೆದ ಸಲ ನಾನು, “ಅಂಕಲ್, ಶೋಕೇಸಿಂದು ಬೇಡ, ಒಳಗಿಟ್ಟಿರೋದು ಕೊಡಿ” ಎಂದೆ. “ಎಲ್ಲಾ ಒಂದೇ ಕಣಮ್ಮ” ಎಂದು ನಕ್ಕರು. ಆದರೂ ಒಳಗಿನಿಂದಲೇ ತಂದುಕೊಟ್ಟರು. ಹತ್ತು ಜನ ಹೀಗೆ ಕೇಳಿದರೆ ಶೋಕೇಸಿನ ಜಾಗವೇ ಬದಲಾದೀತು.